ತಂಗಿಯ ಕೈಯಲ್ಲಿ ಇಟ್ಟದ್ದು

ಅಯ್ಯನವರು ಗೋಡೆಗೆ ಒರಗಿಸಿ ಕುಳ್ಳಿರಿಸಿದ್ದ ಹೆಣದ ಕೊರಳಿಗೆ ಕೈ ಹಾಕಿ ತಡವಿದರು. ವಿಭೂತಿ ಹತ್ತಿದ ಬೆರಳು ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಶಿವದಾರ ಸಿಗದೆ ಬರಿದೇ ಹೊರಗೆ ಬಂತು.

"ಲಿಂಗ ಎಲ್ಲೈತ್ರಿ?"

"ಎಲ್ಲಿಂದ ಬರಬೇಕ್ರಿ?" ಎಂದ ಸತ್ತ ಅಕ್ಕನಾಗಮ್ಮನ ಅಣ್ಣ ಸಾತಲಿಂಗಪ್ಪ, ಕುರ್ಚಿಯಿಂದ ಏಳದೆ. "ಮುಂಬೈಕ್ಕ ಹೋದ ವರ್ಷಾನ ಕಳಕೊಂಡಾಳ. ದೇಶಾ ತಿರಗಿದ್ಲು, ಕೊರಳ ಮಾತ್ರ ಬರೇದು. ಹೊಸಾದು ತರಸೀನಿ."

ಅವನ ಮೊಮ್ಮಗ ಶುಭಂ ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದ.

"ಇರ್ಲಿ, ಇಟಗೋಪಾ. ಅಕ್ಕಲಕೋಟದಾಗ ನಿಮ್ಮ ಹೊಲದ ಕುಣಿಯೊಳಗ ಕುಂದರಿಸಿದ ಮ್ಯಾಲೆ ಕೈಯಾಗ ಇಡೋಣು," ಎಂದರು ಅಯ್ಯನವರು.

ಮುಚ್ಚಿದ ಪಿಯಾನೊದ ಬುಡದಲ್ಲಿ ಕೂತಿದ್ದ ತಂಗಿ ರತ್ನಾಬಾಯಿಗೆ ಆಗ ಕೇಳಿಸಿತು. ಟಕ್. ಬೆಳ್ಳಿ ಮರಕ್ಕೆ ಬಡಿದ ಸದ್ದು. ಅವಳು ಸುತ್ತ ನೋಡಿದಳು. ಯಾರ ಮುಖವೂ ಅಲುಗಲಿಲ್ಲ.

"ಎಂತೆಂಥಾ ಮಂದಿ ಮುಂದ ಬಾರಿಸಿದಾಕಿ," ಎನ್ನುತ್ತಿದ್ದಳು ನೆರೆಮನೆಯ ಸೋಮವ್ವ. "ನನ್ನ ಮಗಳ ಲಗ್ನಕ್ಕ ಬಾರಿಸವಾ ಅಕ್ಕನಾಗಮ್ಮಾ ಅಂದ್ರ, ಮೊದಲ ಪಿಯಾನೊ ಪೇಟಿ ಎತ್ತಾಕ ಹತ್ತ ಆಳ ಕರಿ, ಆಮ್ಯಾಲೆ ವರನ್ನ ಹುಡುಕು ಅಂದಿದ್ಲು."

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ರತ್ನಾಬಾಯಿ ನಗಲಿಲ್ಲ. ಮತ್ತೆ ಟಕ್ ಎಂದಿತು.

*

ಸೊಲ್ಲಾಪುರದ ಗಿರಣಿ ಮ್ಯಾನೇಜರನ ಬಂಗಲೆಯ ಹರಾಜಿನಲ್ಲಿ ಅಪ್ಪ ಆ ದೊಡ್ಡ ಪೇಟಿಯನ್ನು ಕೊಂಡು ತಂದಾಗ, ಅವ್ವ ಅದರ ಮೇಲೆ ಹಪ್ಪಳ ಒಣಹಾಕಿದ್ದಳು. ಬಾರಿಸುವುದನ್ನು ಅಕ್ಕನಾಗಮ್ಮನಿಗೆ ಕಲಿಸಿದವಳು ಮ್ಯಾನೇಜರನ ವಿಧವೆ. ಕೊರಳಿನ ಬೆಳ್ಳಿ ಕರಡಿಗೆ, ಒಳಗೆ ಇಷ್ಟಲಿಂಗ, ಬಾಗಿದಾಗಲೆಲ್ಲ ತೂಗಾಡಿ ಮರಕ್ಕೆ ಬಡಿಯುತ್ತಿತ್ತು. ಅವಳು ಅದನ್ನು ತೆಗೆದು, ಪಕ್ಕದಲ್ಲಿ ಕೂತ ತಂಗಿಯ ಅಂಗೈಗೆ ಇಡುತ್ತಿದ್ದಳು.

"ಮುಗಿಯೂತನಕ ಹಿಡಕೋ ರತ್ನಿ. ನೆಲಕ್ಕ ಇಡಬ್ಯಾಡ."

ತಾಸುಗಟ್ಟಲೆ ರತ್ನಾಬಾಯಿ ಹಿಡಿದು ಕೂಡುತ್ತಿದ್ದಳು. ಕೈ ಬೆವರುತ್ತಿತ್ತು. ಬಿಡುತ್ತಿರಲಿಲ್ಲ.

ಹದಿನೇಳು ತುಂಬಿದ ವರ್ಷ ಅಕ್ಕ ಕಲಿಯಲು ಮುಂಬೈಗೆ ಹೊರಟಳು. ಹೊರಡುವ ಮುಂಜಾನೆ ಕೊನೆಯ ಸಲ ಬಾರಿಸಿದಳು. ಸೊಲ್ಲಾಪುರ ಸ್ಟೇಷನ್ನಿನಲ್ಲಿ ಗಾಡಿಯ ಕಿಟಕಿಯಿಂದ ಕೈ ಚಾಚಿ, "ಕೊಡ ನಂದು" ಎಂದಳು.

ರತ್ನಾಬಾಯಿಗೆ ಆಗ ಹದಿನಾಲ್ಕು. ಲಿಂಗ ಬಿಟ್ಟು ಯಾರೂ ಬಹಳ ದಿನ ಇರುವುದಿಲ್ಲ, ಇದಕ್ಕಾದರೂ ಅಕ್ಕ ತಿರುಗಿ ಬಂದೇ ಬರುತ್ತಾಳೆ ಎಂದು ಅವಳ ಲೆಕ್ಕ. ಕರಡಿಗೆ ಹಿಡಿದ ಮುಷ್ಟಿಯನ್ನು ಲಂಗದ ನೆರಿಗೆಯಲ್ಲಿ ಹುದುಗಿಸಿ, "ಪೇಟಿ ಮ್ಯಾಲೇ ಐತಿ, ಮರತು ಬಂದೆ" ಎಂದಳು. ಗಾಡಿ ಹೊರಟಿತು.

ದೀಪಾವಳಿಗೆ ಬಂದ ಮಗಳ ಬರಿ ಕೊರಳು ಅವ್ವನ ಕಣ್ಣಿಗೆ ಬಿತ್ತು. ಲಿಂಗವಿಲ್ಲದವಳೆಂದು ಅಂದಿನಿಂದ ಸಾಯುವತನಕ ಅವ್ವ ಅವಳ ಕೈಯಿಂದ ಒಂದು ಗುಟುಕು ನೀರು ಕುಡಿಯಲಿಲ್ಲ. ಅಕ್ಕ ಸುಮ್ಮನೆ ತಂಗಿಯತ್ತ ನೋಡಿದಳು. ಹೆಸರು ಹೇಳಲಿಲ್ಲ. ಅವ್ವನಿಗೆ ಹೆದರಿ, ಈವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ರತ್ನಾಬಾಯಿ ಮದುವೆಯಾಗಿ ವಳಸಂಗಕ್ಕೆ ಹೋದಳು. ಕರಡಿಗೆ ಟ್ರಂಕಿನ ತಳ ಸೇರಿತು.

ಒಮ್ಮೆ ಮಾತ್ರ ಮುಂಬೈಯಲ್ಲಿ ಅಕ್ಕನ ಸಂಗೀತ ಕಚೇರಿಗೆ ಹೋಗಿದ್ದಳು. ಸಭೆ ತುಂಬಿ ಜನ. ಅಕ್ಕ ಪಿಯಾನೊದ ಮುಂದೆ ಕೂತು, ಕೊರಳಿಗೆ ಕೈ ಒಯ್ದು, ಇಲ್ಲದ್ದನ್ನು ತೆಗೆದಳು. ತೆಗೆದು ಪಕ್ಕಕ್ಕೆ, ಯಾರೂ ಕೂತಿರದ ಕಡೆಗೆ ನೀಡಿದಳು. ಆಮೇಲೆ ಬಾರಿಸಿದಳು. ಆ ಸಂಜೆಯಿಂದಲೇ ಟಕ್ ಟಕ್ ಹಿಂದೆ ಬಿದ್ದದ್ದು. ರೊಟ್ಟಿ ಬಡಿಯುವಾಗ, ಸ್ನಾನ ಮಾಡುವಾಗ, ಪೂಜೆಗೆ ಕೂತಾಗ.

*

ಮುಂದೆ ಹೆಣದ ಗಾಡಿ, ಹಿಂದೆ ಹೆಂಗಸರ ಜೀಪು. ರತ್ನಾಬಾಯಿಯ ಮಗ್ಗುಲಲ್ಲಿ ಅಕ್ಕನ ಹಳೆಯ ಶಿಷ್ಯೆ ಪ್ರಾಜಕ್ತಾ ಕೂತಿದ್ದಳು.

"ಮಾವಶಿ, ಒಂದ್ ಕೇಳ್ಲೇನ್ರಿ? ಬಾರಿಸೂಕಿಂತ ಮೊದಲ ಮ್ಯಾಡಮ್ ಕೊರಳಿಗಿ ಕೈ ಹಚ್ಚತಿದ್ರು. ಏನ್ರಿ ಅದು ಅಂತ ನಾ ಕೇಳಿದ್ದೆ."

"ಏನಂದ್ಲು?"

"ತಂಗಿ ಕೈಯಾಗ ಕೊಟ್ಟೀನಿ, ಪಾಪ ಇನ್ನೂ ಹಿಡಕೊಂಡ ಕುಂತಾಳ, ಅಂದ್ರು. ನಕ್ಕರು. ನನಗ ಕಾಹೀ ಕಳಲಂ ನಾಹೀ, ಏನೂ ತಿಳೀಲಿಲ್ರಿ."

ರತ್ನಾಬಾಯಿ ಹೊರಕ್ಕೆ ಬಾಗಿ ನೋಡಿದಳು. ವಳಸಂಗದ ಮೊದಲ ಮನೆಗಳು ಕಂಡವು.

"ಗಾಡಿ ನಿಲ್ಲಸಪಾ. ನಮ್ಮ ಮನಿಗಿ ಹೋಗಿ ಬರತೀನಿ."

*

ಅಕ್ಕಲಕೋಟದ ಹೊಲದಲ್ಲಿ ಅಕ್ಕನಾಗಮ್ಮನನ್ನು ಕುಣಿಯೊಳಗೆ ಪದ್ಮಾಸನದಲ್ಲಿ ಕೂಡಿಸಿಯಾಗಿತ್ತು. ಅಂಚಿನಲ್ಲಿ ಉಪ್ಪು, ವಿಭೂತಿ, ಪತ್ರಿ ಕಾದಿದ್ದವು. ಶುಭಂ ಹೊಸ ಲಿಂಗ ಬಿಚ್ಚುತ್ತಿದ್ದಾಗ ರತ್ನಾಬಾಯಿ ಸೆರಗಿನ ಗಂಟು ಬಿಚ್ಚಿದಳು. ಬೆಳ್ಳಿ ಕಪ್ಪಾಗಿತ್ತು.

"ಅದು ಬ್ಯಾಡ. ಇಕಿದು ಇಲ್ಲೈತಿ."

ಸಾತಲಿಂಗಪ್ಪ ಬಗ್ಗಿ ನೋಡಿದ. ಗುರುತು ಹತ್ತಿತು. "ಇದು ನಿನ್ನ ಹಂತೇಲಿ ಹೆಂಗ ಬಂತು?"

"ನನ್ನ ಹಂತೇಲೇ ಇತ್ತಣ್ಣಾ. ಅಕಿ ಬೇಡಿದ್ಲು. ನಾ ಕೊಡಲಿಲ್ಲ."

"ಅವ್ವ ಸಾಯೂತನಕ ಅಕಿ ಕೈ ನೀರ ಕುಡೀಲಿಲ್ಲ. ಗೊತ್ತೈತೇನ ನಿನಗ?"

"ಗೊತ್ತೈತಿ. ಅಕಿ ಕೈಯಾಗಿನ ತಂಬಗಿ ಇಸಗೊಂಡು ಅವ್ವಗ ಕುಡಿಸತಿದ್ದಾಕಿ ನಾನ."

ಸಾತಲಿಂಗಪ್ಪ ತಲೆಯ ರುಮಾಲು ತೆಗೆದ. ಎಲ್ಲಿ ಇಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ.

ಅಯ್ಯನವರು ಲಿಂಗವನ್ನು ಇಸಿದುಕೊಂಡು, ಕುಣಿಗೆ ಇಳಿದು, ಅಕ್ಕನಾಗಮ್ಮನ ಎಡ ಅಂಗೈಯಲ್ಲಿ ಇಟ್ಟರು. ಅದು ಅಲ್ಲಿ ನಿಲ್ಲಲಿಲ್ಲ. ಹತ್ತು ವರ್ಷದ ಹಿಂದೆ ಮರಗಟ್ಟಿ ಕಚೇರಿ ಬಿಡಿಸಿ ಅವಳನ್ನು ಊರಿಗೆ ಮರಳಿಸಿದ ಬೆರಳುಗಳು ಅಗಲವಾಗಿ ಚಾಚಿಕೊಂಡೇ ಇದ್ದವು.

"ಮಡಚವಲ್ಲವು," ಎಂದರು.

"ನಾ ಇಳೀತೀನಿ," ಎಂದಳು ರತ್ನಾಬಾಯಿ.

"ಹೆಂಗಸರು ಕುಣಿಗಿ ಇಳಿಯೂದಿಲ್ಲ, ರತ್ನೀ," ಎಂದ ಸಾತಲಿಂಗಪ್ಪ.

ಅಯ್ಯನವರು ಮೇಲೆ ನೋಡಿದರು, ಸರಿದು ಜಾಗ ಬಿಟ್ಟರು. ಶುಭಂ ರಟ್ಟೆ ಹಿಡಿದು ಇಳಿಸಿದ. ಅವಳು ಅಕ್ಕನ ಮಂಡಿಗೆ ಮಂಡಿ ತಾಗುವಂತೆ ಕೂತು, ಲಿಂಗವನ್ನು ಮತ್ತೆ ಅಂಗೈಯಲ್ಲಿಟ್ಟು, ಹೆಬ್ಬೆರಳು ತಿಕ್ಕಿದಳು, ಮಡಚಿದಳು. ತೋರುಬೆರಳು ಮಡಚಿದಳು. ಉಳಿದವು ಮಡಚಿದಷ್ಟೂ ಬಿಚ್ಚಿಕೊಂಡವು. ಕಡೆಗೆ ತನ್ನ ಎರಡೂ ಕೈಗಳನ್ನು ಅಕ್ಕನ ಅಂಗೈಯ ಸುತ್ತ ಮುಚ್ಚಿ, ಹಾಗೇ ಹಿಡಿದಳು.

ಮೇಲಿಂದ ಮೊದಲ ಬೊಗಸೆ ವಿಭೂತಿ ಬಿತ್ತು. ಇಬ್ಬರ ತಲೆಯೂ ಬೆಳ್ಳಗಾಯಿತು.

"ಆಜಿ, ಸಾಕು. ಕೈ ಕೊಡ, ಮ್ಯಾಲ ಬಾ." ಶುಭಂ ಅಂಚಿನಿಂದ ಬಾಗಿ ಕೈ ಚಾಚಿದ.

ಕೊಡಲು ಅವಳಿಗೆ ಕೈ ತೆರವಿರಲಿಲ್ಲ.