ಜೇಬು ಹೊಲಿದವಳು

ಗೆಳೆಯರು ಜೇಬಿಗೆ ಏನು ತುರುಕಿದರೂ ಬೇಡವೆನ್ನದ ದಾಕ್ಷಿಣ್ಯದ ಪ್ರಾಣಿ ಆ ದರ್ಜಿ ಕೆಲಸದವಳ ಗಂಡ. ಈ ಸಲ ಪೊಲೀಸರಿಗೆ ಒಂದು ಜೇಬಿನಲ್ಲಿ ಮಾದಕ ಪುಡಿ, ಇನ್ನೊಂದರಲ್ಲಿ ಪಿಸ್ತೂಲು ಸಿಕ್ಕಿತ್ತು. ಹೆಂಡತಿ ಅವನಿಗೆ ಜಾಮೀನು ಕೇಳಲು ಕೋರ್ಟಿಗೆ ಬಂದಿದ್ದಳು.

"ಬಿಟ್ರೆ ಮತ್ತೆ ಇಟ್ಕೊಳ್ಳಲ್ಲ ಅಂತ ಏನಮ್ಮಾ ಗ್ಯಾರಂಟಿ?" ಎಂದರು ನ್ಯಾಯಾಧೀಶರು.

ವಕೀಲರು ಬಾಯಿ ತೆರೆಯುವ ಮೊದಲೇ ಆಕೆ ಹೇಳಿದಳು: "ಇವರ ಅಂಗಿ, ಪ್ಯಾಂಟಿನ ಜೇಬೆಲ್ಲ ಎರಡೆಳೆ ದಾರದಲ್ಲಿ ಹೊಲಿದು ಮುಚ್ಚಿಬಿಟ್ಟಿದ್ದೀನಿ ಸ್ವಾಮಿ."

ಕಟಕಟೆಯಲ್ಲಿದ್ದ ಗಂಡ ಬೆಚ್ಚಿಬಿದ್ದ. "ಅಯ್ಯೋ, ಮದುವೆ ಕೋಟಿಂದೂನಾ?"

"ಅದರದ್ದೇ ಮೊದಲು!"

ನ್ಯಾಯಾಧೀಶರು ನಗು ತಡೆಯಲಾರದೆ ಜಾಮೀನು ಮಂಜೂರು ಮಾಡಿದರು. "ಒಂದು ಜೇಬಾದ್ರೂ ಬಿಚ್ಚಿಕೊಡಮ್ಮ, ಮುಂದಿನ ವಾಯಿದೆ ತಾರೀಖಿನ ಚೀಟಿ ಇಟ್ಕೊಳ್ಳಲಿ."

"ಬೇಡ ಸ್ವಾಮಿ," ಎಂದು ಆಕೆ ಕೈಚಾಚಿದಳು. "ಅದೂ ನನ್ನ ಹತ್ರಾನೇ ಇರ್ಲಿ."