ಹಾರದೆ ಉಳಿದ ಎರಡು ಗುಂಡು

ನಾನೊಂದು ಕೋವಿ. ಸಿಪಾಯಿಗಳ ಕೈಗೆಂದೇ ಹುಟ್ಟಿದವನು. ಉಕ್ಕಿನ ಸರಳನ್ನು ಕೊರೆದು ನನ್ನ ನಳಿಗೆ ಮಾಡಿದರು. ಗುಂಡು ತಿರುಗುತ್ತ ನೆಟ್ಟಗೆ ಹೋಗಲೆಂದು ಅದರೊಳಗೆ ಸುರುಳಿಯಾಗಿ ಐದು ಗೆರೆ ಹಾಕಿದರು. ಮೂತಿಯವರೆಗೂ ಮರದ ಅಂಗಿ ತೊಡಿಸಿದರು. ಬೋಲ್ಟನ್ನು ಎಳೆದು ತಳ್ಳಿದರೆ ಸಾಕು, ಹೊಸ ತೋಟಾ ಒಳಗೆ ಬರುತ್ತಿತ್ತು. ಹೊಟ್ಟೆಯಲ್ಲಿ ಹತ್ತು ತೋಟಾ ಇಟ್ಟುಕೊಂಡು ಯುದ್ಧಕ್ಕೆ ಹೋದೆ. ಯಾರನ್ನು ಕೊಂದೆ ಎಂದು ನನ್ನನ್ನು ಕೇಳಬೇಡಿ. ನನ್ನನ್ನು ಹಿಡಿದವರಿಗೇ ಅದು ಗೊತ್ತಿರಲಿಲ್ಲ.

ಯುದ್ಧ ಮುಗಿದ ಮೇಲೆ ನನ್ನನ್ನು ಕೆಡಿಸುವ ಕೆಲಸ ಶುರುವಾಯಿತು. ಒಂದು ಕಾರ್ಖಾನೆಯಲ್ಲಿ ಆ ಐದು ಗೆರೆಗಳನ್ನೂ ಕೊರೆದು ಅಳಿಸಿ ನಳಿಗೆಯನ್ನು ನುಣ್ಣಗೆ ಮಾಡಿದರು. ಹೊಟ್ಟೆಗೆ ಮರದ ತುಂಡು ತುರುಕಿದರು. ಸಲಕ್ಕೆ ಒಂದೇ ತೋಟಾ ನುಂಗಿ, ಸೀಸದ ಸಣ್ಣ ಕಾಳು ಉಗುಳುವ ಕೋವಿಯಾದೆ. ಸೆರೆಮನೆಯ ಗೋಡೆ ಕಾಯಲು ಅಷ್ಟು ಸಾಕಂತೆ. ಅಲ್ಲಿಂದ ಹರಾಜಿನಲ್ಲಿ ನನ್ನನ್ನು ಕೊಂಡವನು ಕೊಡಗಿನ ಮಂದಣ್ಣ, ಸೇನೆಯ ಪಟಾಲಮ್ಮಿನಿಂದ ಬಿಡುಗಡೆಯಾಗಿ ಬಂದವನು. ಅವನೂ ಸುಮ್ಮನಿರಲಿಲ್ಲ. ಕಾಫಿ ತೋಟದಲ್ಲಿ ಹೊತ್ತು ತಿರುಗಲು ಭಾರವೆಂದು ನನ್ನ ಮರದ ಅಂಗಿಯನ್ನು ಅರ್ಧಕ್ಕೆ ಕತ್ತರಿಸಿ ಬಿಸಾಕಿದ.

ಆದರೂ ಅವನನ್ನು ಬೈಯಲಾರೆ. ಒಂದು ಬೆಳಿಗ್ಗೆ ಅಂಗಳಕ್ಕೆ ತಂದು ಆಕಾಶಕ್ಕೆ ಒಂದು ಗುಂಡು ಹಾರಿಸಿದ. ಮಗ ಹುಟ್ಟಿದ್ದ. ಕೊಡವರಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು. ಸಾವಾದರೆ ಒಂದರ ಹಿಂದೊಂದು ಎರಡು. ಎರಡು ಕೇಳಿತೆಂದರೆ ಊರವರು ಮಾಡುತ್ತಿದ್ದ ಕೆಲಸ ಅಲ್ಲೇ ಬಿಟ್ಟು ಹೊರಡುತ್ತಾರೆ. ಯಾರ ಮನೆಗೆ ಎಂದು ಕೇಳಬೇಕಾಗಿಲ್ಲ, ಯಾವ ಮನೆಯ ಕೋವಿಯ ದನಿ ಹೇಗೆಂದು ಎಲ್ಲರಿಗೂ ಗೊತ್ತು. ನನ್ನದು ತೆಳುವಾದ ದನಿ, ಒಣ ಬಿದಿರು ಸಿಡಿದ ಹಾಗೆ. ಆ ಕಣಿವೆಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಮಂದಣ್ಣ ಸತ್ತಾಗಲೂ ನಾನೇ ಎರಡು ಸಲ ಕೂಗಿದೆ.

ಅವನ ಮಗ ಚಿಟ್ಟಿಯಪ್ಪ ನನ್ನ ಕಣ್ಣ ಮುಂದೆಯೇ ಬೆಳೆದ, ಮದುವೆಯಾದ, ಮುದುಕನೂ ಆದ. ಪ್ರತಿ ವರ್ಷ ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತದ ದಿನ ನನ್ನನ್ನು ಒರೆಸಿ, ಗಂಧ ಹಚ್ಚಿ, ಮೂತಿಗೆ ತೋಕ್ ಪೂ ಎಂಬ ಕೋವಿ ಹೂವು ಸಿಕ್ಕಿಸಿ ಕೈಮುಗಿಯುತ್ತಿದ್ದ. ಕಣಿವೆಯಾಚೆ ಕುಟ್ಟಪ್ಪ ಎಂಬ ಅವನ ಗೆಳೆಯನಿದ್ದ. ಒಬ್ಬರು ಸತ್ತರೆ ಇನ್ನೊಬ್ಬರು ಚಟ್ಟಕ್ಕೆ ಹೆಗಲು ಕೊಡಬೇಕೆಂದು ಇಬ್ಬರೂ ಮಾತು ಕೊಟ್ಟುಕೊಂಡಿದ್ದರು. "ನಿನ್ನ ಕೋವಿ ಕೂಗಲಿ ಸಾಕು, ಕುಂಟಿಕೊಂಡಾದ್ರೂ ಬರ್ತೇನೆ" ಎಂದಿದ್ದ ಕುಟ್ಟಪ್ಪ.

ಮೈಸೂರಿನ ಶ್ರೀಕಂಠರಾಜೇ ಅರಸರು ನನ್ನನ್ನು ನೋಡಲು ಬಂದದ್ದು ಆಮೇಲೆ. ಕೆಡಿಸಿದ ಹಳೆಯ ಕೋವಿಗಳನ್ನು ಮೊದಲಿನ ರೂಪಕ್ಕೆ ತರುವುದು ಅವರ ಹುಚ್ಚು. ನನ್ನ ಬೋಲ್ಟಿನ ಮೇಲಿನ ಅಂಕಿ ಓದಿ ನಾನು ಯಾವ ಕಾಲದವನೆಂದು ಗುರುತಿಸಿದರು. ಪಾಪ, ಎಷ್ಟೊಂದು ಕೆಡಿಸಿದ್ದಾರೆ ಎಂದು ನನ್ನ ಬೆನ್ನು ಸವರಿದರು. ನೂರು ವರ್ಷದಲ್ಲಿ ನನಗಾಗಿ ಮರುಗಿದ ಮೊದಲ ಮನುಷ್ಯ ಅವರು. ನಾನೂ ಕರಗಿಹೋದೆ.

"ಇದರಲ್ಲಿ ಬೇಟೆ ಆಡ್ತೀರಾ, ಚಿಟ್ಟಿಯಪ್ಪನವರೇ?"

"ಅದೆಲ್ಲ ನಮ್ಮ ಅಪ್ಪನ ಕಾಲಕ್ಕೇ ಮುಗೀತು."

"ಹಾಗಾದ್ರೆ ಗುಂಡು ಹಾರಿಸೋ ಪ್ರಸಂಗ ಬರಲ್ಲ ಅನ್ನಿ."

"ಒಂದು ದಿನ ಉಂಟಲ್ಲ. ಹಾರಿಸೋದು ನಾನಲ್ಲ, ನನ್ನ ಮಗಳು. ನಾನು ಒಳಗೆ ಮಲಗಿರ್ತೇನೆ."

ತಮಾಷೆಯೆಂದುಕೊಂಡು ಅರಸರು ನಕ್ಕರು. ತನ್ನ ಮಾತು ಅರ್ಥವಾಯಿತೆಂದುಕೊಂಡು ಚಿಟ್ಟಿಯಪ್ಪನೂ ನಕ್ಕ. ಎರಡು ಗುಂಡಿನ ವಿಷಯ ಗೊತ್ತಿಲ್ಲದವರು ಲೋಕದಲ್ಲಿದ್ದಾರೆಂದು ಅವನಿಗೆ ಹೊಳೆಯಲೇ ಇಲ್ಲ.

ಸರಿಮಾಡಿ ಕೊಡುತ್ತೇನೆಂದು ಒಯ್ದರು, ಎರಡು ವರ್ಷ ಅರಸರ ಮನೆಯಲ್ಲಿದ್ದೆ. ಎಲ್ಲೆಲ್ಲಿಂದಲೋ ಹಳೆಯ ಮರ ಹುಡುಕಿ ತಂದರು. ಹೊಟ್ಟೆಯಲ್ಲಿದ್ದ ತುಂಡು ಕಿತ್ತರು. ಕೊನೆಗೆ ನನ್ನ ನುಣ್ಣನೆಯ ನಳಿಗೆಯನ್ನೂ ಬಿಚ್ಚಿ, ಐದು ಗೆರೆಯ ಹಳೆಯ ನಳಿಗೆಯೊಂದನ್ನು ಕೂರಿಸಿದರು. ಯುದ್ಧದ ಅಳತೆಯ ನಳಿಗೆಯನ್ನು ಹಾಗೇ ಮನೆಯಲ್ಲಿಡಲು ಅನುಮತಿ ಸಿಗಲಿಲ್ಲ. ಅದಕ್ಕೆ ತೋಟಾ ಕೂರುವ ಜಾಗವನ್ನು ವೆಲ್ಡ್ ಮಾಡಿ ಮುಚ್ಚಿಸಿದರು, ತೋಟಾಕ್ಕೆ ಬಡಿದು ಹೊತ್ತಿಸುವ ಬೋಲ್ಟಿನೊಳಗಿನ ಸೂಜಿಯನ್ನು ತುಂಡು ಮಾಡಿಸಿದರು. ಇದು ನೋಡುವುದಕ್ಕೆ ಮಾತ್ರ ಎಂದು ಕಾಗದವೂ ತಯಾರಾಯಿತು. ನನ್ನನ್ನು ಮನೆಗೊಯ್ಯಲು ಬಂದ ಚಿಟ್ಟಿಯಪ್ಪ ಕನ್ನಡಕ ತಂದಿರಲಿಲ್ಲ. "ನೀವು ಓದಿದ್ದೀರಲ್ಲ, ಸಾಕು" ಎಂದು ಸಹಿ ಹಾಕಿದ. ಅವನ ಕಣ್ಣೆಲ್ಲ ನನ್ನ ಮೇಲೆಯೇ ಇತ್ತು. ತನ್ನ ಅಪ್ಪ ಪಟಾಲಮ್ಮಿನಲ್ಲಿ ಹೆಗಲಿಗೇರಿಸಿದ ಕೋವಿಯೂ ಹೀಗೇ ಇದ್ದಿರಬೇಕೆಂದು ಅತ್ತುಬಿಟ್ಟ. ನನಗೆ ಬಾಯಿ ಇದ್ದಿದ್ದರೆ ಆಗಲೇ ಹೇಳುತ್ತಿದ್ದೆ. ಆದರೆ ನನಗಿದ್ದ ಒಂದೇ ಬಾಯನ್ನು ಅವರು ಮುಚ್ಚಿಯಾಗಿತ್ತು.

ನಾನು ಮನೆಗೆ ಬಂದದ್ದು ಸುಗ್ಗಿಯ ಪುತ್ತರಿ ಹಬ್ಬ ಕಳೆದ ಮೇಲೆ. ಗುಂಡು ಹಾರಿಸುವ ಸಂದರ್ಭ ಬರಲಿಲ್ಲ. ಚಿಟ್ಟಿಯಪ್ಪ ದಿನಾ ನನ್ನನ್ನು ಒರೆಸಿ ಗೋಡೆಗೆ ತೂಗುಹಾಕುತ್ತಿದ್ದ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವನು ಮತ್ತೆ ಏಳಲಿಲ್ಲ.

ಅವನಿಗೆ ದೇಚಮ್ಮ ಒಬ್ಬಳೇ ಮಗಳು. ಅಳುತ್ತಲೇ ನನ್ನನ್ನು ಅಂಗಳಕ್ಕೆ ತಂದಳು. ಬೋಲ್ಟ್ ಎಳೆದು ತೋಟಾ ಇಟ್ಟಳು. ಹೋಗಲಿಲ್ಲ. ತೆಗೆದು ತಿರುಗಿಸಿ ಇಟ್ಟಳು. ಹೆಬ್ಬೆರಳಿನಿಂದ ಒತ್ತಿದಳು, ಉಗುರು ಮುರಿದು ರಕ್ತ ಬಂತು. ಕೊನೆಗೆ ಒಳಗೆ ಬಗ್ಗಿ ನೋಡಿ, "ಇದಕ್ಕೆಂತ ಮಾಡಿದ್ದಾರೆ ಅಪ್ಪಾ?" ಎಂದಳು. ಕೇಳಿದ್ದು ನನ್ನನ್ನಲ್ಲ, ಒಳಗೆ ಮಲಗಿದ್ದವನನ್ನು.

ಕೋವಿ ತಂದು ಇಲ್ಲಿ ಹಾರಿಸಲಿ ಎಂದು ಪಕ್ಕದ ತೋಟದ ಬೆಳ್ಯಪ್ಪನ ಬಳಿಗೆ ಆಳನ್ನು ಓಡಿಸಿದಳು. ಅವನು ಗಾಬರಿಯಲ್ಲಿ ತನ್ನ ಅಂಗಳದಲ್ಲೇ ನಿಂತು ತನ್ನ ಜೋಡುನಳಿಗೆಯಿಂದ ಎರಡು ಗುಂಡು ಹಾರಿಸಿದ. ಆ ಗಡಸು ದನಿ ಬೆಳ್ಯಪ್ಪನ ಮನೆಯದೆಂದು ಊರಿಗೆಲ್ಲ ಗೊತ್ತು. ಅವನ ತಾಯಿ ಹಾಸಿಗೆ ಹಿಡಿದಿರುವುದೂ ಗೊತ್ತು. ಜನರೆಲ್ಲ ಅಲ್ಲಿಗೇ ಹೋದರು. ಬದುಕಿದ್ದ ಮುದುಕಿ ಬಂದವರು ತನಗಾಗಿ ಅಳುವುದನ್ನು ಕೇಳಿ ಹೌಹಾರಿದಳಂತೆ. ಗೊಂದಲ ತಿಳಿದ ಮೇಲೆ ಒಬ್ಬೊಬ್ಬರಾಗಿ ಇತ್ತ ಬಂದರು.

ಕುಟ್ಟಪ್ಪ ಮಾತ್ರ ಬರಲಿಲ್ಲ. ಅವನು ಕುಂಟುಕಾಲಿನಲ್ಲಿ ಕಣಿವೆ ಇಳಿದು, ಬೆಳ್ಯಪ್ಪನ ಮನೆಯ ಏರು ಹತ್ತಿ, ಅಲ್ಲಿಂದ ವಾಪಸು ಇಳಿದು ಬರಬೇಕಿತ್ತು. ದೇಚಮ್ಮ ಕಾದಳು. ಹಿರಿಯರು ಇನ್ನು ತಡ ಮಾಡುವುದು ಬೇಡ ಎಂದರು. ಅವನಿಗೆಂದು ಬಿಟ್ಟಿದ್ದ ಚಟ್ಟದ ಮುಂದಿನ ಎಡಬದಿಗೆ ಬೇರೆ ಯಾರೋ ಹೆಗಲು ಕೊಟ್ಟರು. ಕುಟ್ಟಪ್ಪ ಬಂದಾಗ ಚಿತೆ ಉರಿದು ಕುಸಿದಿತ್ತು. ಅವನು ಯಾರನ್ನೂ ಬೈಯಲಿಲ್ಲ. "ಅವನ ಕೋವಿ ಕೂಗಲಿಲ್ಲ ಮಗಳೇ. ಅವನಿನ್ನೂ ಇದ್ದಾನೆ ಅಂದ್ಕೊಂಡೇ ಆಚೆ ಹೋದೆ" ಎಂದ.

ಹನ್ನೊಂದನೆಯ ದಿನ ಅರಸರು ಬಂದರು. ದೇಚಮ್ಮ ನನ್ನನ್ನು ಅವರ ಕೈಗಿಟ್ಟಳು. "ತೆಗೊಂಡು ಹೋಗಿ ಸಾರ್. ಚೆಂದ ಉಂಟು. ನಮಗೆ ಬೇಕಾಗಿದ್ದು ಚೆಂದ ಅಲ್ಲ." ನಡೆದದ್ದನ್ನೆಲ್ಲ ಹೇಳಿದಳು. ಅರಸರು ಬೋಲ್ಟ್ ಎಳೆದು, ತಾವೇ ಮುಚ್ಚಿಸಿದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು.

ಈಗ ಮೈಸೂರಿನ ಗಾಜಿನ ಬೀರುವಿನಲ್ಲಿದ್ದೇನೆ. ಮೈಯಲ್ಲಿ ಒಂದು ಗೀರಿಲ್ಲ, ಒಂದು ತಿರುಪೂ ಕಡಿಮೆಯಿಲ್ಲ. ಮೂರು ಸಲ ಕೆಡಿಸಿಕೊಂಡವನು ನಾನು. ಎರಡು ಸಲ ಕೆಡಿಸಿದ ಮೇಲೂ ಒಂದು ಮನೆಗೆ ಬೇಕಾದವನಾಗಿದ್ದೆ. ಪ್ರೀತಿಯಿಂದ ಸರಿಮಾಡಿದ ಮೇಲೆ ಯಾರಿಗೂ ಬೇಡವಾದೆ. ಇಲ್ಲಿಂದ ನನಗೆ ಹೋಗುವ ಜಾಗವೂ ಇಲ್ಲ, ತುಕ್ಕು ಹಿಡಿದು ಸಾಯಲು ಅರಸರ ಎಣ್ಣೆ ಬಿಡುವುದೂ ಇಲ್ಲ.

ನೋಡಲು ಬಂದವರು ಇದರಿಂದ ಗುಂಡು ಹಾರುತ್ತದೆಯೇ ಎಂದು ಕೇಳುತ್ತಾರೆ. ಇಲ್ಲ ಎನ್ನುವಾಗ ಅರಸರು ನನ್ನ ಕಡೆ ನೋಡುವುದಿಲ್ಲ.