ಇಲ್ಲದ ಕಲ್ಲು

ಊರಿಗೆ ನೀರೆತ್ತುವ ಮೋಟಾರು ಸುಟ್ಟು ಐದು ದಿನವಾಗಿತ್ತು. ನಿಪ್ಪಾಣಿ ಕಡೆಯ ಆ ಹಳ್ಳಿಯಲ್ಲಿ ಟ್ಯಾಂಕರಿನ ಮುಂದೆ ಕೊಡಗಳ ಸಾಲು. ಎಂಜಿನಿಯರ್ ಜ್ಞಾನದೇವ ಬೈಕಿನಿಂದ ಇಳಿದದ್ದೇ ತಡ, ಬೌದ್ಧರಾದ ದಲಿತರ ಓಣಿಯ ಪದ್ಮವ್ವ ಎದುರು ಬಂದಳು.

"ಸಾಹೇಬ್ರ, ಗುಡ್ಡದ ಕೆರಿ ತುಂಬೇತಿ. ಅಲ್ಲಿಂದ ಪೈಪ್ ಹಾಕಿದ್ರ ನೀರು ತಾನ ಇಳದ ಬರ್ತಿತ್ತು. ಹೊಳಿಯಿಂದ ಎತ್ತೂ ಉಸಾಬರಿ ಯಾಕ ಬೇಕಿತ್ರಿ?"

"ನಿಮ್ಮ ಓಣ್ಯಾಗ ನೆಲದಾಗ ಕರಿಕಲ್ಲು ಐತಿ ಅವ್ವಾ. ಒಡಿಯೂ ಖರ್ಚು ಭಾಳ."

"ಹೋದ ವರ್ಷ ಮನಿ ಪಾಯಾ ತೋಡೀವ್ರಿ. ಒಂದು ಹಿಡಿ ಕಲ್ಲು ಸಿಗಲಿಲ್ಲ."

ಕಲ್ಲಿಲ್ಲವೆಂದು ಜ್ಞಾನದೇವನಿಗೂ ಗೊತ್ತಿತ್ತು. ಎರಡು ವರ್ಷದ ಹಿಂದೆ ಅವನ ಲೆಕ್ಕ ಸರಿಯಾಗಿಯೇ ಇತ್ತು. ಕೆರೆಯಿಂದಾದರೆ ನಲವತ್ತೆರಡು ಲಕ್ಷ, ಆಮೇಲೆ ಖರ್ಚೇ ಇಲ್ಲವೆನ್ನಬೇಕು. ಹೊಳೆಯಿಂದಾದರೆ ಮೂವತ್ತೊಂದು ಲಕ್ಷ, ಆದರೆ ಕರೆಂಟು, ರಿಪೇರಿಗೆ ವರ್ಷಕ್ಕೆ ಆರು. ಎರಡೇ ವರ್ಷದಲ್ಲಿ ಅಗ್ಗದ್ದು ದುಬಾರಿಯಾಗುವುದಿತ್ತು. ಆಗ ಪಂಚಾಯಿತಿಯ ಹಿರಿಯ ಕಾಕಾಸಾಹೇಬರು ಚಹಾಕ್ಕೆ ಕರೆದಿದ್ದರು.

"ಇಳಿಜಾರಿಗೆ ಕೆರಿ ನೀರು ಮೊದಲ ಬೌದ್ಧರ ಓಣಿಗೇ ಹೋಗತೈತ್ರಿ. ಅಲ್ಲಿ ಹಾದ ನೀರು ನಮ್ಮ ಮನೀಗಿ ಅಂದ್ರ ಮಂದಿ ಒಪ್ಪಂಗಿಲ್ಲ. ನಾಳೆ ಊರು ಒಡದ್ರ ಯಾರು ಜವಾಬ್ದಾರಿ? ನೀವೂ ನಮ್ಮಾವ್ರ, ತಿಳಕೋರಿ."

ನಮ್ಮವರು! ರಾಯಬಾಗದ ಕಡೆ ಅಂಥದೇ ಓಣಿಯಲ್ಲಿ ಹುಟ್ಟಿದವನು ಅವನು. ಬಾಯಿ ಬಿಡಲಿಲ್ಲ. ಕಪ್ಪು ಖಾಲಿ ಮಾಡಿ ಬಂದು, ಕೆರೆಯ ಲೆಕ್ಕಕ್ಕೆ ಕಲ್ಲು ಒಡೆಯಲು ಇಪ್ಪತ್ತೈದು ಲಕ್ಷ ಸೇರಿಸಿದ. ಅಂದು ಮುಚ್ಚಿಟ್ಟ ನಾಚಿಕೆ ಈಗ ಮೈಯೆಲ್ಲ ಸುಡತೊಡಗಿತು.

ಪದ್ಮವ್ವ ಬೈಯಲಿಲ್ಲ. ಆಗಷ್ಟೇ ತುಂಬಿದ ಕೊಡದಿಂದ ತಂಬಿಗೆಗೆ ನೀರು ಬಗ್ಗಿಸಿದಳು. ಕೊಡುವ ಮುಂಚೆ ಅನುಮಾನದಿಂದ ಕೇಳಿದಳು: "ಬಿಸಲಾಗ ಬಂದೀರಿ. ನಮ್ಮ ನೀರು ನಡೀತೈತಿಲ್ಲರಿ?"

ತನ್ನ ತಾಯಿಯೂ ಹೀಗೆಯೇ ಕೇಳಿ ಕೊಡುತ್ತಿದ್ದಳು. ಅವನು ಎರಡೂ ಕೈ ಚಾಚಿ ತಂಬಿಗೆ ತೆಗೆದುಕೊಂಡ. ಕುಡಿದು, ಬೈಕು ತಿರುಗಿಸಿ ಕಚೇರಿಗೆ ಹೊರಟ.

ಸಂಜೆ ಹೊಸ ಮೋಟಾರಿನ ಮಂಜೂರಿಗೆ ಗ್ರಾಮಸಭೆ ಸೇರಿತು. ಜ್ಞಾನದೇವ ಹಳೆಯ ವರದಿ ಹಿಡಿದು ಎದ್ದು ನಿಂತ.

"ಮೋಟಾರ್ ಬ್ಯಾಡ್ರಿ. ಕೆರಿ ದಾರ್ಯಾಗ ಕಲ್ಲಿಲ್ಲ. ಇಲ್ಲದ ಕಲ್ಲು ಬರದಾವ ನಾನ. ಇದನ್ನ ಕಚೇರಿಗೂ ಬರದು ಕೊಟ್ಟೀನಿ."

ಕಾಕಾಸಾಹೇಬರ ಮುಖ ಬಿಳಿಚಿತು. "ನೌಕರಿ ಹೋದೀತು ಸಾಹೇಬ್ರ! ನಾ ಒಂದು ಮಾತು ಅಂದಿರಬೇಕು. ನೀವ್ಯಾಕ ಬರದ್ರಿ?"

"ನಾನೂ ಅಂಥಾ ಓಣ್ಯಾಂವಾ ಅಂತ ನಿಮಗ ಗೊತ್ತಾಗಬಾರದಂತ ಬರದೆ."

ಹಿಂದಿನ ಸಾಲಿನಲ್ಲಿದ್ದ ಪದ್ಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಅವನಿಗೆ ಕೂರಲು ಜಾಗ ಬಿಟ್ಟಳು.